ಉಸಿರಿನ ಅರಿವಳಿಕೆ ಮತ್ತು ನಾಯಿಯ ರಕ್ತಪರಿಚಲನೆ

ಐಸೋಫ್ಲುರೇನ್, ಸೆವೋಫ್ಲುರೇನ್‌ನಂಥ ಆವಿರೂಪದ ಅರಿವಳಿಕೆಗಳು ನಾಯಿಯ ಹೃದಯ ಹಾಗೂ ರಕ್ತನಾಳಗಳ ಮೇಲೆ ಹಲವು ಪರಿಣಾಮಗಳನ್ನು ಬೀರುತ್ತವೆ. ಇವುಗಳಲ್ಲಿ ಪ್ರಮುಖವಾದುದು ರಕ್ತದೊತ್ತಡದ ಇಳಿಕೆ. ಆವಿಯ ಸಾಂದ್ರತೆ ಏರಿದಷ್ಟೂ ಒತ್ತಡ ಕುಸಿಯುತ್ತದೆ.

ಕುಸಿತದ ದಾರಿ ಮಾತ್ರ ಔಷಧದಿಂದ ಔಷಧಕ್ಕೆ ಬೇರೆ. 1956ರಲ್ಲಿ ವೈದ್ಯಕೀಯ ಬಳಕೆಗೆ ಬಂದ ಹ್ಯಾಲೋಥೇನ್ ಮುಖ್ಯವಾಗಿ ಹೃದಯಸ್ನಾಯುವಿನ ಸಂಕೋಚನಶಕ್ತಿಯನ್ನೇ ಕುಗ್ಗಿಸುತ್ತದೆ. ಜೊತೆಗೆ ಅಡ್ರಿನಲಿನ್‌ಗೆ ಹೃದಯವನ್ನು ಅತಿಸೂಕ್ಷ್ಮವಾಗಿಸಿ ಲಯ ತಪ್ಪಿಸುತ್ತದೆ. ಅದು ಹಿನ್ನೆಲೆಗೆ ಸರಿಯಲು ಇದೂ ಒಂದು ಕಾರಣ. ಐಸೋಫ್ಲುರೇನ್, ಸೆವೋಫ್ಲುರೇನ್‌ಗಳು ಸ್ನಾಯುವನ್ನು ಅಷ್ಟಾಗಿ ದುರ್ಬಲಗೊಳಿಸದೆ, ರಕ್ತನಾಳಗಳನ್ನು ಸಡಿಲಿಸಿ ಒತ್ತಡ ಇಳಿಸುತ್ತವೆ. ಹೃದಯ ಹೊರದೂಡುವ ರಕ್ತದ ಪ್ರಮಾಣ ಹಗುರ ಅರಿವಳಿಕೆಯಲ್ಲಿ ಬಹುಪಾಲು ಉಳಿದುಕೊಳ್ಳುತ್ತದೆ. ಒತ್ತಡ ಇಳಿದಾಗ ಬಡಿತ ಹೆಚ್ಚಿಸುವ ಸಹಜ ಪ್ರತಿವರ್ತನೆಯೂ ಮಂದವಾಗುವುದರಿಂದ, ನಾಡಿ ಸಹಜವಾಗಿದೆಯೆಂದು ನಿಶ್ಚಿಂತರಾಗುವುದು ಅಪಾಯಕರ. ಒತ್ತಡವನ್ನು ಅಳೆದೇ ತಿಳಿಯಬೇಕು.

ನೋವಿನ ಪ್ರಚೋದನೆಗೆ ಅರ್ಧದಷ್ಟು ನಾಯಿಗಳು ಮಿಸುಕದಿರಲು ಬೇಕಾದ ಕನಿಷ್ಠ ಸಾಂದ್ರತೆ ಐಸೋಫ್ಲುರೇನ್‌ಗೆ ಸುಮಾರು 1.3%, ಸೆವೋಫ್ಲುರೇನ್‌ಗೆ ಸುಮಾರು 2.3%. ಓಪಿಯಾಯ್ಡ್ ನೋವುನಿವಾರಕಗಳನ್ನು ಸೇರಿಸಿದರೆ ಕಡಿಮೆ ಆವಿ ಸಾಕಾಗುತ್ತದೆ. ಆದರೆ ಅವು ಬಡಿತವನ್ನು ನಿಧಾನಗೊಳಿಸಬಲ್ಲವು.

ಸರಾಸರಿ ಅಪಧಮನಿ ಒತ್ತಡ 60 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದರೆ ಮೂತ್ರಪಿಂಡ ಮೊದಲಾದ ಅಂಗಗಳಿಗೆ ರಕ್ತ ಸಾಲದಾಗಬಹುದು. ಆಗ ಮೊದಲ ಕ್ರಮ ಆವಿಯನ್ನು ತಗ್ಗಿಸುವುದು. ಅಷ್ಟು ಸಾಲದಿದ್ದಾಗ ಅಗತ್ಯ ನೋಡಿ ರಕ್ತನಾಳಕ್ಕೆ ದ್ರವ, ಬಡಿತ ತೀರಾ ನಿಧಾನವಿದ್ದರೆ ಅಟ್ರೋಪಿನ್, ಇಲ್ಲವೇ ಡೋಪಮಿನ್ ಅಥವಾ ಡೊಬ್ಯುಟಮಿನ್ ನೀಡುತ್ತಾರೆ.