ಒಂದೇ ಒಂದು ವೋಟಿನಿಂದ ಸೋತ ಎ.ಆರ್. ಕೃಷ್ಣಮೂರ್ತಿ: ಸಂತೇಮರಹಳ್ಳಿಯಿಂದ ಕೊಳ್ಳೇಗಾಲದವರೆಗೆ

ಚಾಮರಾಜನಗರ: ಚುನಾವಣೆ ಬಂದಾಗಲೆಲ್ಲ ‘ನನ್ನೊಬ್ಬನ ವೋಟಿಂದ ಏನಾಗುತ್ತೆ?’ ಅನ್ನೋರಿಗೆ ಜಿಲ್ಲೆಯ ಜನ ಕೊಡುವ ಉತ್ತರ ಒಂದೇ: ಸಂತೇಮರಹಳ್ಳಿ, 2004. ಅಂದು ಒಂದು ಮತದಿಂದ ಸೋತ ಎ.ಆರ್. ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ಮತ್ತೆ ಶಾಸಕರಾದರು. ಅವರ ಚುನಾವಣಾ ಹಾದಿಯ ಮಾಹಿತಿ ಇಲ್ಲಿದೆ.

ಹಿನ್ನೆಲೆ

ಕೃಷ್ಣಮೂರ್ತಿ ಅವರ ತಂದೆ ಬಿ. ರಾಚಯ್ಯ ರಾಜ್ಯದಲ್ಲಿ ಸಚಿವರಾಗಿ, ಕೇರಳದ ರಾಜ್ಯಪಾಲರಾಗಿ ಕೆಲಸ ಮಾಡಿದವರು. ಕೃಷ್ಣಮೂರ್ತಿ 2004ಕ್ಕೂ ಮೊದಲೇ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಸಂತೇಮರಹಳ್ಳಿ ಕ್ಷೇತ್ರದಿಂದ ಶಾಸಕರಾಗಿದ್ದರು.

2004: 40,752 – 40,751

ಆ ವರ್ಷ ಜೆಡಿಎಸ್‌ನಿಂದ ಕೃಷ್ಣಮೂರ್ತಿ, ಕಾಂಗ್ರೆಸ್‌ನಿಂದ ಆರ್. ಧ್ರುವನಾರಾಯಣ ಕಣದಲ್ಲಿದ್ದರು. ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿ ಅವರಿಗೆ 40,751 ಮತ ಬಂದವು. ಕೃಷ್ಣಮೂರ್ತಿ ಅವರ ಕಾರು ಚಾಲಕನೇ ಅಂದು ಮತ ಹಾಕಲು ಹೋಗಲಾಗಲಿಲ್ಲ ಎಂಬ ಕಥೆ ಈಗಲೂ ಜನರ ಬಾಯಲ್ಲಿದೆ.

ಆದರೆ ಹೆಚ್ಚಿನವರು ಗಮನಿಸದ ಸಂಗತಿ ಒಂದಿದೆ. ಆ ಒಂದು ವೋಟು ಬಿದ್ದಿದ್ದರೂ ಕೃಷ್ಣಮೂರ್ತಿ ಗೆದ್ದೇಬಿಡುತ್ತಿರಲಿಲ್ಲ, ಇಬ್ಬರ ಮತವೂ ಸಮವಾಗುತ್ತಿತ್ತು. 1951ರ ಜನಪ್ರಾತಿನಿಧ್ಯ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಮತ ಸಮವಾದರೆ ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಚೀಟಿ ಯಾರ ಹೆಸರಿಗೆ ಬರುತ್ತದೋ ಅವರಿಗೆ ಒಂದು ಮತ ಹೆಚ್ಚು ಬಂತೆಂದು ಲೆಕ್ಕ. ನೇರವಾಗಿ ಗೆಲ್ಲಲು ಅವರಿಗೆ ಬೇಕಿದ್ದದ್ದು ಎರಡು ವೋಟು.

2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಕಾಂಗ್ರೆಸ್‌ನ ಸಿ.ಪಿ. ಜೋಶಿ ಕೂಡ ಹೀಗೇ ಒಂದು ಮತದಿಂದ ಸೋತರು.

ಎದುರಾಳಿ ಮತ್ತೆ ಅವರೇ

2008ರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಸಂತೇಮರಹಳ್ಳಿ ಹೋಬಳಿ ಹಾಗೂ ಯಳಂದೂರು ತಾಲ್ಲೂಕು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿದವು. ಅಲ್ಲಿ ಆ ವರ್ಷ ಗೆದ್ದದ್ದು ಧ್ರುವನಾರಾಯಣ.

2009ರ ಲೋಕಸಭಾ ಚುನಾವಣೆಯಲ್ಲಿ ಇಬ್ಬರೂ ಮತ್ತೆ ಎದುರುಬದುರಾದರು. ಬಿಜೆಪಿ ಅಭ್ಯರ್ಥಿಯಾಗಿದ್ದ ಕೃಷ್ಣಮೂರ್ತಿ ಈ ಸಲ ಸೋತದ್ದು 4,002 ಮತಗಳಿಂದ. 2014ರಲ್ಲೂ ಬಿಜೆಪಿಯಿಂದ ನಿಂತರು. ಆಗ ಅಂತರ 1.41 ಲಕ್ಷ ದಾಟಿತು. ಹೀಗೆ ಮೂರು ಸಲವೂ ಅವರನ್ನು ಸೋಲಿಸಿದ್ದು ಒಬ್ಬರೇ.

ಕೊಳ್ಳೇಗಾಲದಲ್ಲಿ ಸೋಲು, ಗೆಲುವು

2018ರ ಹೊತ್ತಿಗೆ ಕೃಷ್ಣಮೂರ್ತಿ ಕಾಂಗ್ರೆಸ್‌ನಲ್ಲಿದ್ದರು. ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು 19,454 ಮತಗಳಿಂದ ಸೋತರು. ಮುಂದೆ ಬಿಎಸ್‌ಪಿಯಿಂದ ಉಚ್ಚಾಟನೆಗೊಂಡ ಮಹೇಶ್ 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಅದೇ ಇಬ್ಬರು ಎದುರಾದಾಗ ಫಲಿತಾಂಶ ತಿರುಗಿತು. ಕೃಷ್ಣಮೂರ್ತಿ ಗೆಲುವಿನ ಅಂತರ 59,519.

ಧ್ರುವನಾರಾಯಣ ಅದನ್ನು ನೋಡಲಿಲ್ಲ. ಚುನಾವಣೆಗೆ ಎರಡು ತಿಂಗಳಿದ್ದಾಗ, 2023ರ ಮಾರ್ಚ್ 11ರಂದು ಅವರು ನಿಧನರಾದರು. ಒಂದು ಮತದಿಂದ ಗೆದ್ದ ಅವರೂ 2019ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಎದುರು ಬರೀ 1,817 ಮತಗಳಿಂದ ಸೋತಿದ್ದರು.

ಒಂದು ನೋಟ (ಕೃಷ್ಣಮೂರ್ತಿ ಸ್ಪರ್ಧಿಸಿದ ಪ್ರಮುಖ ಚುನಾವಣೆಗಳು)

• 2004, ಸಂತೇಮರಹಳ್ಳಿ, ಜೆಡಿಎಸ್: 1 ಮತದ ಸೋಲು
• 2009, ಚಾಮರಾಜನಗರ ಲೋಕಸಭೆ, ಬಿಜೆಪಿ: 4,002 ಮತಗಳ ಸೋಲು
• 2014, ಚಾಮರಾಜನಗರ ಲೋಕಸಭೆ, ಬಿಜೆಪಿ: 1.41 ಲಕ್ಷಕ್ಕೂ ಹೆಚ್ಚು ಮತಗಳ ಸೋಲು
• 2018, ಕೊಳ್ಳೇಗಾಲ, ಕಾಂಗ್ರೆಸ್: 19,454 ಮತಗಳ ಸೋಲು
• 2023, ಕೊಳ್ಳೇಗಾಲ, ಕಾಂಗ್ರೆಸ್: 59,519 ಮತಗಳ ಗೆಲುವು