‘ಗ್ಲಟ್’: ಹೊಟ್ಟೆಯಿಂದ ಪೇಟೆಗೆ ಬಂದ ಕ್ರಿಯಾಪದ

ಇಂಗ್ಲಿಷಿನ ‘ಗ್ಲಟ್’ ಎಂಬ ಕ್ರಿಯಾಪದದ ಮೂಲ, ನುಂಗುವುದೆಂಬ ಅರ್ಥದ ಲ್ಯಾಟಿನ್ ಧಾತು. 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಶಬ್ದಕ್ಕೆ ಮೊದಲಿದ್ದ ಅರ್ಥ ಕಂಠಮಟ್ಟ ಉಣ್ಣಿಸುವುದೆಂದು. ಹೊಟ್ಟೆಬಾಕನೆಂಬರ್ಥದ ‘ಗ್ಲಟನ್’ ಇದರ ದಾಯಾದಿ. 17ನೆಯ ಶತಮಾನದಲ್ಲಿ ಇದು ಪೇಟೆಗೂ ಅನ್ವಯಿಸಿತು: ಬೇಡಿಕೆ ಮೀರಿ ಸರಕು ಸುರಿಯುವುದು. ಹೋಲಿಕೆ ಸಮರ್ಪಕವೇ; ಅಜೀರ್ಣವಾದ ಪೇಟೆಯಲ್ಲಿ ಒಳ್ಳೆಯ ಸರಕಿಗೂ ಬೆಲೆಯಿರದು.

1815ರಲ್ಲಿ ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಬ್ರಿಟನ್ನಿನಲ್ಲಿ ಬೆಲೆಗಳು ಕುಸಿದವು, ಅನೇಕರು ಕೆಲಸ ಕಳೆದುಕೊಂಡರು. ಅತಿಯೆನಿಸಿದ್ದು ಜನರ ಅಗತ್ಯಕ್ಕಲ್ಲ, ಅವರ ಕೊಳ್ಳುವ ಶಕ್ತಿಗೆ. ಎಲ್ಲ ಸರಕುಗಳೂ ಏಕಕಾಲಕ್ಕೆ ಹೀಗೆ ಮಿಗಬಲ್ಲವೇ? ಮಿಗಬಹುದೆಂದು ಮಾಲ್ಥಸನು 1820ರ ತನ್ನ ಅರ್ಥಶಾಸ್ತ್ರ ಗ್ರಂಥದಲ್ಲಿ ವಾದಿಸಿದನು. ಉತ್ಪಾದನೆಯೇ ಬೇಡಿಕೆಯನ್ನು ಹುಟ್ಟಿಸುವುದರಿಂದ ಅದು ಅಸಾಧ್ಯವೆಂದು ಫ್ರಾನ್ಸಿನ ಸೇ, ಲಂಡನ್ನಿನ ರಿಕಾರ್ಡೊ ನಿರಾಕರಿಸಿದರು. ಮಾಲ್ಥಸ್ ಪಾದ್ರಿ, ರಿಕಾರ್ಡೊ ಶೇರುಪೇಟೆಯಲ್ಲಿ ಸಂಪತ್ತು ಗಳಿಸಿದವನು. ಪೇಟೆಯ ಅಜೀರ್ಣ ಪಾದ್ರಿಗೆ ಕಂಡು ವ್ಯಾಪಾರಿಗೆ ಕಾಣದಿದ್ದುದು ಸೋಜಿಗವೇ ಸರಿ. ಪತ್ರಗಳಲ್ಲಿ ಎಷ್ಟು ವಾದಿಸಿದರೂ, 1823ರಲ್ಲಿ ರಿಕಾರ್ಡೊ ತೀರಿಕೊಳ್ಳುವವರೆಗೆ ಅವರ ಸ್ನೇಹ ಕೆಡಲಿಲ್ಲ. ಮುಂದೆ 1936ರಲ್ಲಿ, ಮಹಾ ಆರ್ಥಿಕ ಕುಸಿತದ ದಶಕದಲ್ಲಿ, ಕೇನ್ಸನು ತನ್ನ ಗ್ರಂಥದಲ್ಲಿ ಮಾಲ್ಥಸನ ಪಕ್ಷವನ್ನು ಎತ್ತಿಹಿಡಿದನು.