ದವಾಖಾನೆಯ ಖರ್ಚು

ಕಮಲಾಪುರ ಅಂದರೆ ಹೊರಗಿನವರಿಗೆ ಕೆಂಪು ಬಾಳೆಹಣ್ಣು. ಆದರೆ ಆ ಕಡೆಯ ಹಳ್ಳಿ, ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವುದೂ ಹಳೆಯ ಮಾತೇ. ಅಲ್ಲಿ ಜಡ್ಡಾದರೆ ದುಡ್ಡು ಯಾರದು? ಎಷ್ಟೋ ಮನೆಗಳಲ್ಲಿ ಹೆಂಗಸಿನ ಕೊರಳ ಬೋರಮಾಳದ್ದು. ಇಲ್ಲವೇ ಗುತ್ತೇದಾರನ ಮುಂಗಡ. ಮುಂಗಡವೆಂದರೆ ಬರುವ ವರ್ಷದ ದುಡಿಮೆಯನ್ನೂ ಬರೆದುಕೊಟ್ಟಂತೆ.

ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾನೂನು, ವೈದ್ಯೋಪಚಾರವನ್ನು ಗುತ್ತೇದಾರನೇ ಪುಕ್ಕಟೆ ಒದಗಿಸಬೇಕೆಂದಿತ್ತು. ಕೂಲಿಯವರ ಹೆಸರನ್ನೇ ಎಲ್ಲೂ ಬರೆಸದವನನ್ನು ಕೇಳುವವರಾರು?

2008ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂತು. ಆಮೇಲೆ ನಮ್ಮ ರಾಜ್ಯಕ್ಕೂ. 30 ರೂಪಾಯಿ ಕಟ್ಟಿದರೆ ಬಡಕುಟುಂಬದ ಐವರಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ಆಸ್ಪತ್ರೆ ಖರ್ಚು, ಹೆರಿಗೆಯೂ ಸೇರಿ. ನನಗೆ ಮೆಚ್ಚಿಗೆಯಾದದ್ದು ಬೇರೆ: ಗುಳೆ ಹೋಗುವವರು ಕಾರ್ಡನ್ನು ಎರಡು ಮಾಡಿಸಬಹುದಿತ್ತು. ಒಂದು ಊರಲ್ಲಿ ಅತ್ತೆಯ ಬಳಿ, ಇನ್ನೊಂದು ದೂರ ಹೋದ ಸೊಸೆಯ ಸೆರಗಿನ ಗಂಟಿನಲ್ಲಿ. ಇದನ್ನು ಯೋಚಿಸಿದವರು ಸಂಸಾರ ಬಲ್ಲವರೇ ಇರಬೇಕು.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದು ನಮ್ಮ ಗುಲಬರ್ಗಾ ವಿಭಾಗದಲ್ಲೇ. ಹೃದಯ, ಕ್ಯಾನ್ಸರಿನಂಥ ದೊಡ್ಡ ಜಡ್ಡಿಗೆ ಒಂದೂವರೆ ಲಕ್ಷ. ಹೆರಿಗೆ, ಜ್ವರ ಅದರ ಲೆಕ್ಕದಲ್ಲಿರಲಿಲ್ಲ. 2018ರ ಆಯುಷ್ಮಾನ್ ಭಾರತ ಮಿತಿಯನ್ನು ಐದು ಲಕ್ಷಕ್ಕೇರಿಸಿತು, ಪರರಾಜ್ಯದಲ್ಲೂ ನಡೆಯುತ್ತದೆ. ಆದರೂ ಕಲಬುರಗಿಯ ದವಾಖಾನೆಗೆ ಮರಳಿ ಬರುವವರು ಬರುತ್ತಲೇ ಇದ್ದಾರೆ. ಇಲ್ಲಿ ಭಾಷೆ ತಿಳಿಯುತ್ತದೆ, ಬುತ್ತಿ ತರಲು ತವರಿನವರಿರುತ್ತಾರೆ. ಬಸ್ಸಿನ ಖರ್ಚು, ಹಾಸಿಗೆಯ ಪಕ್ಕ ಕೂತವಳ ಮುರಿದ ಕೂಲಿ ಇವು ಮಾತ್ರ ಮನೆಯಿಂದಲೇ.